ಬಲೆ ಶೆಡ್ಡಿನ ಚಾಪೆಗಳು

ಜ್ವರ ಬಿಟ್ಟ ಬೆಳಿಗ್ಗೆ ಸೊಸೆ ಮೊದಲು ಮಾಡಿದ ಕೆಲಸ, ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಸಣ್ಣ ಹೊಂಡಕ್ಕೆ ಇಣುಕಿದ್ದು. ಹೊಂಡದಲ್ಲಿ ಉಪ್ಪುನೀರಿತ್ತು, ಆಕಾಶವಿತ್ತು, ಅವಳದೇ ಬಡಕಲು ಮುಖವಿತ್ತು. ಚಾಪೆ ಮಾತ್ರ ಇರಲಿಲ್ಲ.

ಹನ್ನೆರಡು ದಿನಗಳ ಹಿಂದೆ ದೊಡ್ಡ ಹೊಂಡದಿಂದ ಇಪ್ಪತ್ತು ನಾರಿನ ಚಾಪೆ ಎತ್ತಿ ದಂಡೆಗೆ ಹಾಕಿದ್ದಳು. ಗಾಳಕ್ಕೆ ಸಿಕ್ಕಿಸುವ ಬೆರಳುದ್ದದ ಮೀನು ಅವಳ ಸಾಕಣೆ. ಹುಣ್ಣಿಮೆಯ ಆಸುಪಾಸಿನಲ್ಲಿ ಅವು ನಾರಿನ ಸಂದಿಯಲ್ಲಿ ಮೊಟ್ಟೆಯಿಡುತ್ತವೆ. ಅಲ್ಲೇ ಬಿಟ್ಟರೆ ಹೆತ್ತವೇ ತಿಂದು ತೇಗುತ್ತವೆ. ಅದಕ್ಕೇ ಚಾಪೆಗಳನ್ನು ಸಣ್ಣ ಹೊಂಡಕ್ಕೆ ಸಾಗಿಸಬೇಕು. ಸಾಗಿಸುವ ಮುಂಚೆಯೇ ಚಳಿ ಹತ್ತಿ ಹಾಸಿಗೆ ಹಿಡಿದಳು. "ಮಾವ, ಚಾಪೆ ನೋಡ್ಕೊಳ್ಳಿ" ಅಂದಿದ್ದಷ್ಟೇ ನೆನಪು.

ನಲವತ್ತು ವರ್ಷ ಬಲೆ ಹೆಣೆದ ಮಾವನಿಗೆ ಈ ಕಸುಬೆಂದರೆ ಅಸಡ್ಡೆ. "ದೊಡ್ಡ ಮೀನಿನ ಬಾಯಿಗೆ ಹೋಗೋದಕ್ಕೆ ಇಷ್ಟೊಂದು ಬಾಣಂತನವಾ?" ಎಂದು ಮೂಗು ಮುರಿದವರು. ಆದರೂ ಒಂದು ಮಾತು ಕೊಟ್ಟಿದ್ದರು: ತಿಂಗಳೊಳಗೆ ಹೊಂಡದಲ್ಲಿ ಮರಿ ಕಂಡರೆ ಸರಿ, ಇಲ್ಲವಾದರೆ ಎರಡೂ ಹೊಂಡ ಮುಚ್ಚಿ ದೋಣಿ ರಿಪೇರಿಗೆ ಜಾಗ ಮಾಡುವುದು. ತಿಂಗಳು ಮುಗಿಯಲು ಉಳಿದದ್ದು ಮೂರೇ ದಿನ.

ಮಾವ ಬಲೆ ಶೆಡ್ಡಿನಲ್ಲಿ ಕೂತು ಹರಕು ಹೊಲಿಯುತ್ತಿದ್ದರು.

"ಚಾಪೆ ಎಲ್ಲಿ ಮಾವ?"

"ಎಲ್ಲಿ ಅಂದ್ರೆ? ಇಲ್ಲೇ. ಭದ್ರವಾಗಿ."

ನೆರಳಿನ ಮೂಲೆಯಲ್ಲಿ ಚಾಪೆಗಳು ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟ ಸೀರೆಗಳಂತೆ ಕೂತಿದ್ದವು. ಮೇಲೊಂದು ಒದ್ದೆ ಗೋಣಿ.

"ನಾರು ಒಣಗಿದ್ರೆ ಮುರಿಯುತ್ತಮ್ಮಾ. ಎರಡು ಹೊತ್ತೂ ನೀರು ಚಿಮುಕಿಸಿದ್ದೀನಿ. ದಿನಾ ಮಲಗಿದ್ದಲ್ಲಿಂದಲೇ ಕೇಳ್ತಿದ್ಯಲ್ಲ, ಚೆನ್ನಾಗಿದಾವಾ ಅಂತ. ಚೆನ್ನಾಗಿದಾವೆ ಅಂದೆ. ಸುಳ್ಳಾ?"

"ಅದರಲ್ಲಿ ಮೊಟ್ಟೆ ಇತ್ತು ಮಾವ! ನೀರಿಗೆ ಹಾಕಬೇಕಿತ್ತು!"

ಮಾವನ ಕೈಯಲ್ಲಿದ್ದ ಸೂಜಿ ನಿಂತಿತು. "ಮೊಟ್ಟೆ ಅಂದ್ರೆ... ಕಣ್ಣಿಗೆ ಕಾಣೋ ಅಂಥದ್ದಾ?"

"ಸಾಸಿವೆಯಷ್ಟು."

"ನನ್ನ ಕಣ್ಣಿಗೆ ನೀನೇ ಸರಿಯಾಗಿ ಕಾಣಲ್ಲ ತಾಯಿ."

ಇಷ್ಟು ಅಕ್ಕರೆಯಿಂದ ಹಾಳು ಮಾಡಿದವರನ್ನು ಏನೆಂದು ಬೈಯುವುದು? ತೊಳೆದಾದರೂ ಇಡೋಣವೆಂದು ಒಂದು ಚಾಪೆಯನ್ನು ಹೊಂಡದ ನೀರು ತುಂಬಿದ ಬಕೆಟ್ಟಿಗೆ ಅದ್ದಿ, ಸಿಟ್ಟೆಲ್ಲ ಮೊಣಕೈಗೆ ತಂದು ಜಾಲಾಡಿದಳು. ಕಣ್ಣಿಗೆ ಕತ್ತಲೆ ಬಂತು. ಬಾಗಿಲಿಗೊರಗಿ ಕೂತಳು. ಮಾವ ಒಳಗೆ ಹೋಗಿ ಗಂಜಿ ಕಾಯಿಸಿ ತಂದು, ಅವಳು ಕುಡಿದು ಮುಗಿಸುವವರೆಗೆ ಅಪರಾಧಿಯಂತೆ ಬಕೆಟ್ಟನ್ನೇ ನೋಡುತ್ತ ನಿಂತರು.

"ನೀರಲ್ಲಿ ಕಸ ಓಡಾಡ್ತಿದೆಯಲ್ಲೇ."

"ಕಸ ಓಡಾಡಲ್ಲ ಮಾವ."

ಅಂದವಳೇ ಲೋಟ ಬಿಟ್ಟು ಬಗ್ಗಿದಳು. ರೆಪ್ಪೆಗೂದಲಿನಷ್ಟು ಸಣ್ಣ ಮೈ, ಅದಕ್ಕೆರಡು ಕಪ್ಪು ಕಣ್ಣು. ಒಂದಲ್ಲ, ಹತ್ತಲ್ಲ. ಮೊಟ್ಟೆಗಳು ಬರೀ ತೇವದಲ್ಲೇ ಒಳಗೊಳಗೆ ಬಲಿತು, ನೀರು ಬರಲೆಂದು ಕಾದು ಕೂತಿದ್ದವು! ಅವಳ ನಗು ಕೆಮ್ಮಾಯಿತು, ಕೆಮ್ಮು ಅಳುವಾಯಿತು.

ಉಳಿದ ಚಾಪೆಗಳಿಗೆ ಕೈಹಾಕಿದಳು. ಮಾವ ಅಡ್ಡ ನಿಂತರು. "ಜ್ವರದವಳು, ಕೂತ್ಕೋ. ಹೊರೋದು ನಾನು."

ಹತ್ತು ಚಾಪೆ ಹೊತ್ತು ಸಣ್ಣ ಹೊಂಡಕ್ಕೆ ಇಳಿಸಿದವರು ಮಿಕ್ಕವುಗಳ ಮೇಲೆ ಮತ್ತೆ ಗೋಣಿ ಎಳೆದರು.

"ಅವು ಯಾಕೆ ಮಾವ?"

"ಇನ್ನೆರಡು ದಿನ ಕಾಯಲಿ. ಎಲ್ಲಾ ಒಟ್ಟಿಗೇ ಬಂದ್ರೆ ಯಾರು ಉಣಿಸ್ತಾರೆ, ನಿಮ್ಮಪ್ಪನಾ?"

ಆಮೇಲೆ ಹೊಂಡ ಮುಚ್ಚಲು ಹೇಳಿಟ್ಟಿದ್ದ ಮಣ್ಣಿನ ಲಾರಿಯವನಿಗೆ ಫೋನು ಹಚ್ಚಿ, ಅಕ್ಕಪಕ್ಕದ ಮನೆಗೂ ಕೇಳುವಂತೆ ಕೂಗಿದರು: "ಮಣ್ಣು ಬೇಡಪ್ಪಾ! ಹೊಂಡ ಖಾಲಿ ಇಲ್ಲ!"