ಐವತ್ತರ ನೋಟಿನ ಹಾಲಸ್ವಾಮಿ

ಶಿವಮೊಗ್ಗದ ಸವಳಂಗ ರಸ್ತೆಯ ವ್ಯಾಪಾರಿಗಳ ಸಂಘ ‘ನಮ್ಮೂರ ನೋಟು’ ಅಚ್ಚು ಹಾಕಿಸಿ ಮೂರು ತಿಂಗಳಾಗಿತ್ತು. ಐವತ್ತು ರೂಪಾಯಿ ಕೊಟ್ಟು ಕೊಂಡ ನೋಟು ಸಂಘದ ಅಂಗಡಿಗಳಲ್ಲಿ ಐವತ್ತಕ್ಕೇ ನಡೆಯುತ್ತಿತ್ತು. ಹತ್ತರ ನೋಟಿನ ಮೇಲೆ ಬೀದಿ ಗುಡಿಸುವ ಹೆಂಗಸು, ಇಪ್ಪತ್ತರ ಮೇಲೆ ಒಬ್ಬ ನರ್ಸಮ್ಮ, ಐವತ್ತರ ಮೇಲೆ ಭದ್ರಾವತಿಯ ಹಾಲಸ್ವಾಮಿ. ಅದೇ ಮುಖಗಳನ್ನು ರಸ್ತೆ ಬದಿಯ ಗೋಡೆಗೂ ಆಳೆತ್ತರ ಬರೆಸಿದ್ದರು.

ಹಾಲಸ್ವಾಮಿ ನೀರಿನಲ್ಲಿ ಮುಳುಗಿದವರ ಹೆಣ ಎತ್ತುವವನು. ಹದಿನೆಂಟು ವರ್ಷದಲ್ಲಿ ನಾಲೆ, ಹೊಳೆಗಳಿಂದ ಅರವತ್ತಮೂರು ಎತ್ತಿದ್ದ. ಊದಿಕೊಂಡದ್ದು, ಮೀನು ತಿಂದದ್ದು, ಚರ್ಮ ಕೈಗೇ ಕಿತ್ತು ಬರುವಂಥದ್ದು. ಯಾವುದಕ್ಕೂ ಮೂಗು ಮುಚ್ಚಿಕೊಂಡವನಲ್ಲ. ಅವನಿಗೆ ಹೇಸಿಗೆಯಾದದ್ದು ಭಾನುವಾರ ಬೆಳಿಗ್ಗೆ, ಸಂಘದ ಅಧ್ಯಕ್ಷ ಗುರುಪ್ರಸಾದ್ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಾಗ.

“ನಿಮ್ಮ ನೋಟು ಓಡ್ತಿಲ್ಲ ಹಾಲಸ್ವಾಮಿ. ಪೂಜೆ ಮಾಡೋ ಗಲ್ಲಾಪೆಟ್ಟಿಗೆ, ಅದ್ರಲ್ಲಿ ಹೆಣ ಎತ್ತೋರ ಮುಖ ಬೇಡ, ಎರಡು ಇಪ್ಪತ್ತು ಒಂದು ಹತ್ತು ಕೊಡಿ ಅಂತಾರೆ ಅಂಗಡಿಯೋರು. ನಾನಲ್ಲ ಮಾರಾಯ್ರೆ, ಜನ.”

“ನಿಮ್ ಅಂಗಡೀಲಿ ಇಸ್ಕೋತೀರಾ?”

ಗುರುಪ್ರಸಾದ್ ಕನ್ನಡಕ ತೆಗೆದು ಒರೆಸಿದ. ಆಮೇಲೆ ಮೊಬೈಲಿನಲ್ಲಿ ಹೊಸ ಚಿತ್ರ ತೋರಿಸಿದ. ಅದರಲ್ಲಿ ನೀರಿನಿಂದೆದ್ದು ಬರುವ ಹಾಲಸ್ವಾಮಿಯ ತೋಳಿನಲ್ಲಿ ಒಂದು ಮಗು ನಗುತ್ತಿತ್ತು.

“ಯಾರ ಮಗು ಇದು?”

“ಯಾರದೂ ಅಲ್ಲ, ಕಲಾವಿದರ ಕಲ್ಪನೆ. ‘ಜೀವ ಉಳಿಸಿದ ಹಾಲಸ್ವಾಮಿ’ ಅಂತ ಹಾಕ್ತೀವಿ. ಗೋಡೆಗೂ ಇದನ್ನೇ ಬರೆಸ್ತೀವಿ.”

ಹೆಂಡತಿ ಪುಟ್ಟಲಕ್ಷ್ಮಿ ಬಗ್ಗಿ ನೋಡಿದಳು. “ಲಕ್ಷಣವಾಗೈತೆ ಕಣ್ರೀ. ಹೂಂ ಅನ್ನಿ. ಸ್ಫೂರ್ತಿನ ನೋಡಕ್ಕೆ ಬರೋರಿಗೆ ತೋರಿಸ್ಬೋದು.”

ಅವಳ ಮಾತು ಸುಳ್ಳಲ್ಲ. ಅಪ್ಪನ ಕೆಲಸ ಕೇಳಿಯೇ ಮಗಳು ಸ್ಫೂರ್ತಿಗೆ ಬಂದ ಎರಡು ಸಂಬಂಧ ಹಿಂದೆ ಸರಿದಿದ್ದವು. ಹಾಲಸ್ವಾಮಿ ಒಂದು ಗಳಿಗೆ ಚಿತ್ರವನ್ನೇ ನೋಡಿದ. ಹೋದ ವರ್ಷ ನಾಲೆಯಿಂದ ಅಷ್ಟೇ ದೊಡ್ಡ ಕೂಸೊಂದನ್ನು ತಂದು ದಡದಲ್ಲಿ ಮಲಗಿಸಿದ್ದ. ಅದರ ತಾಯಿ, ‘ಉಸಿರೈತೆ, ಇನ್ನೊಂದ್ಸಲ ನೋಡಣ್ಣ’ ಎಂದು ಅವನ ಒದ್ದೆ ಕೈ ಹಿಡಿದು ಎಳೆದಿದ್ದಳು. ಆ ಹೆಣ್ಣುಮಗಳ ಕೈಗೂ ಈ ನೋಟು ಹೋಗುತ್ತದೆ.

“ಆಗಲ್ಲ,” ಎಂದ.

“ಹಾಗಾದ್ರೆ ನೋಟಿನ ಮೇಲೆ ನಿಮ್ಮ ಮುಖ ನೀವೇ ಬೇಡ ಅಂದ್ರಿ ಅಂತ ಒಂದು ಪತ್ರ ಬರ್ಕೊಡಿ. ನಾವಾಗಿ ತೆಗೆದ್ರೆ ಪೇಪರಿನೋರು ಬಿಡಲ್ಲ. ನಿಮ್ಮ ಮಾತಲ್ಲೇ ಬರೀರಿ, ಸಾಕು.”

ಹಾಲಸ್ವಾಮಿ ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ದಪ್ಪ ಅಕ್ಷರದಲ್ಲಿ ನಿಧಾನವಾಗಿ ಬರೆದ: ‘ನಾನು ಹೆಣ ಎತ್ತುವವನು. ಒಂದು ಜೀವವನ್ನೂ ಉಳಿಸಿಲ್ಲ. ನನ್ನನ್ನು ಕರೆಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ನನ್ನ ಮುಖ ಗಲ್ಲಾಪೆಟ್ಟಿಗೆಯಲ್ಲಿಡಲು ವ್ಯಾಪಾರಿಗಳಿಗೆ ಹೇಸಿಗೆ. ಅದಕ್ಕೆ ತೆಗೆಯುತ್ತಿದ್ದಾರೆ.’ ಕೆಳಗೆ ರುಜು ಹಾಕಿದ.

ಗುರುಪ್ರಸಾದನ ಮುಖ ಇಳಿಯಿತು. “ಇದನ್ನ ಹೊರಗೆ ತೋರಿಸೋ ಹಾಗಿಲ್ಲ.”

ಹಾಲಸ್ವಾಮಿ ಹಾಳೆ ವಾಪಸ್ ತೆಗೆದುಕೊಂಡು ಜೇಬಿಗಿಟ್ಟ. “ತೋರಿಸ್ಬೇಡಿ. ನೋಟು ಇದ್ದಂಗಿರ್ಲಿ. ಆ ಕೂಸಿನ ಚಿತ್ರ ಏನಾದ್ರೂ ಗೋಡೆ ಮೇಲೆ ಕಂಡ್ರೆ, ಇದನ್ನ ಝೆರಾಕ್ಸ್ ಮಾಡ್ಸಿ ಒಂದೊಂದು ಅಂಗಡಿ ಶಟರಿಗೂ ನಾನೇ ಅಂಟಿಸ್ತೀನಿ. ಎದ್ದೇಳಿ ಇನ್ನ.”

ಗುರುಪ್ರಸಾದ್ ಎದ್ದು ಹೋದ. ಪುಟ್ಟಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಮಗಳ ಗತಿ ಏನ್ರೀ?”

“ನನ್ ಕೆಲ್ಸ ಗೊತ್ತಿದ್ದೂ ಬರೋರು ಬರ್ಲಿ. ಈ ಥರ ಹೇಸ್ಕೊಳ್ಳೋರ ಮನೆಗೆ ಕೊಡೋದಕ್ಕಿಂತ ಇಲ್ಲೇ ಇರ್ಲಿ ಬಿಡು.”

ಹಾಲಸ್ವಾಮಿಗೆ ಬಾಯಲ್ಲಿ ಏನೋ ಕೊಳೆತಂತಾಗಿತ್ತು. ಹಿತ್ತಿಲಿಗೆ ಹೋಗಿ ಎರಡು ಸಲ ಮುಕ್ಕಳಿಸಿ ಉಗಿದ.