ಪಚ್ಚ ಗಾಜು

ಹೊಸಪೇಟೆಯ ಬಟ್ಟೆ ಅಂಗಡಿಯಲ್ಲಿ ಕಂಪ್ಲಿ ಕಡೆಯ ಹೆಂಗಸೊಬ್ಬಳು ಪಚ್ಚ ಸೀರೆ ಕೇಳಿದಳು. ಅಂಗಡಿಯವರು ಹಸಿರು ಸೀರೆ ಹರವಿದರು.

"ಇದು ಹಸರು ಐತಲ್ರಿ! ನಮ್ಮ ಮನ್ಯಾಗ ತೆಲುಗು, ಪಚ್ಚ ಅಂದ್ರ ಅರಿಶಿಣದ ಬಣ್ಣ," ಎಂದಳು. ಎಲ್ಲರೂ ನಕ್ಕರು. ನನಗೆ ಮಾತ್ರ ಹಳೆಯ ಗಾಜೊಂದು ನೆನಪಾಯಿತು.

ಮೂವತ್ತು ವರ್ಷದ ಹಿಂದೆ ಸಂಡೂರಿನ ಗುಡ್ಡದ ಮೇಲೆ ನಮ್ಮದೊಂದು ಪುಟ್ಟ ದೂರದರ್ಶಕವಿತ್ತು. ಬಣ್ಣಬಣ್ಣದ ಗಾಜು ಹಾಕಿ ನಕ್ಷತ್ರದ ಬೆಳಕು ಅಳೆದು, ಅದು ಯಾವ ವರ್ಗದ್ದೆಂದು ಗುರುತಿಸುವುದು ನನ್ನ ಕೆಲಸ. ನಾನು ಮೀಟರ್ ನೋಡುತ್ತಿದ್ದೆ, ಕಂಪ್ಲಿಯಿಂದ ಹೊಸದಾಗಿ ಬಂದು ಸೇರಿದ್ದ, ಮನೆಯಲ್ಲಿ ತೆಲುಗಾಡುವ ಅಂಜಿನೇಯ ಗಾಜು ಬದಲಿಸುತ್ತಿದ್ದ. ಹಸಿರು ಗಾಜನ್ನು 'ಪಚ್ಚೆ' ಎಂದು ಠೀವಿಯಿಂದ ಕರೆಯುತ್ತಿದ್ದವಳು ನಾನೇ.

ಆ ಚಳಿಗಾಲದ ಲೆಕ್ಕವೆಲ್ಲ ಹಾಳಾಯಿತು. ಬಿಳಿ ನಕ್ಷತ್ರಗಳು ಹಳದಿ ವರ್ಗಕ್ಕೆ ಬಿದ್ದಿದ್ದವು. ಹೋಗಿ ನೋಡಿದರೆ ಹಸಿರು ಗಾಜಿನ ಜಾಗದಲ್ಲಿ ಹಳದಿ ಗಾಜು!

"ಪಚ್ಚನ ಹಾಕೀನ್ರಿ ಮೇಡಂ, ನಮ್ಮವ್ವನಾಣಿ," ಎಂದ ಅಂಜಿನೇಯ. ಎದುರಿಗೇ ಸುಳ್ಳು ಹೇಳುತ್ತಾನಲ್ಲ ಎಂದು ನನಗೆ ರೇಗಿತು. 'ಸಹಾಯಕನಿಗೆ ಬಣ್ಣ ತಿಳಿಯುವುದಿಲ್ಲ' ಎಂದು ಬರೆದು ಸಹಿ ಹಾಕಿದೆ. ಅವನ ಕೆಲಸ ಹೋಯಿತು. ನಾನು ಮತ್ತೆ ಅಳೆದೆ, ಹೆಸರು ಗಳಿಸಿದೆ, ನಿವೃತ್ತಳಾದೆ.

ಸೀರೆ ಅಂಗಡಿಯಿಂದ ಬಂದ ಮರುದಿನವೇ ಕಂಪ್ಲಿಗೆ, ಅಂಜಿನೇಯನ ಮನೆಗೆ ಹೋದೆ. ತಲೆ ಪೂರಾ ನರೆತಿದ್ದರೂ ಅವನು ನನ್ನನ್ನು ಗುರುತು ಹಿಡಿದ. "ಬರ್ರಿ ಮೇಡಂ, ಕುಂದ್ರಿ," ಎಂದು ಕುರ್ಚಿ ಒರೆಸಿದ. ಹೆಂಡತಿ ಜಂಬವ್ವ ಚಹಾ ತಂದಳು. ಲೋಟ ಕೆಳಗಿಟ್ಟು ಹೇಳಿದೆ:

"ತಪ್ಪು ನಂದು ಅಂಜಿನೇಯ. ನಿನ್ನ ಪಚ್ಚ ಬ್ಯಾರೆ, ನನ್ನ ಪಚ್ಚೆ ಬ್ಯಾರೆ. ನೀ ಖರೇನ ಹೇಳಿದ್ದಿ. ನಾ ಒಂದು ಮಾತು ಕೇಳಲಿಲ್ಲ."

ಅವನು ಅಂಗಳದ ಕಡೆ ತಿರುಗಿದ. ಜಂಬವ್ವನೇ ಹೇಳಿದಳು: "ತೋರಣಗಲ್ಲಿನ್ಯಾಗ ಬಸ್ ಡ್ರೈವರ್ ಕೆಲಸ ಬಂದಿತ್ರಿ. ಇವರು, 'ಮೇಡಂ ಅಷ್ಟು ಓದ್ಯಾರ, ತಪ್ಪು ಬರೀತಾರೇನು, ನನಗ ಬಣ್ಣ ತಿಳಿಯಂಗಿಲ್ಲ, ಮಂದಿ ಜೀವಕ್ಕ ಎರವಾಗೋದು ಬ್ಯಾಡ' ಅಂತ ಬಿಟ್ರು. ಇವತ್ತಿಗೂ ಅಂಗಿ ತಗೊಳ್ಳಾಗ ನನ್ನ ಕೇಳ್ತಾರ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ಕುಗ್ಗಿಹೋದೆ.

ಅಂಜಿನೇಯ ಅಂಗಳದ ತಂತಿಯ ಮೇಲೆ ಒಣಗುತ್ತಿದ್ದ ಸೀರೆಯನ್ನೇ ನೋಡುತ್ತಿದ್ದ.

"ಮೇಡಂ, ಆ ಸೀರಿ ಯಾವ ಬಣ್ಣ ಹೇಳ್ರಿ?"

"ಹಳದಿ," ಎಂದೆ.

"ನನಗೂ ಹಂಗ ಕಾಣ್ತಿತ್ರಿ," ಎಂದ. "ಕೇಳಾಕ ಅಂಜ್ತಿದ್ದೆ."