ಅಕ್ಕನ ಬಾಟಲಿಯ ಅರಿಶಿನ

ನನ್ನ ಹಿರಿಯ ಓರಗಿತ್ತಿ, ನಾನು ಅಕ್ಕ ಎನ್ನುವವಳು, ಅವಳ ಮಂಡಿ ವಾಸಿಯಾದ ಸುದ್ದಿಯನ್ನು ಯಾರೂ ನನಗೆ ಹೇಳಬೇಕಾಗಲಿಲ್ಲ. ಮೆಟ್ಟಿಲೇ ಹೇಳಿತು. ಧಡ್ ಧಡ್ ಎಂದು ಹದಿನಾಲ್ಕೂ ಹತ್ತಿ ಹೋದಳು, ಕೆಳಗೆ ಕೂತು ಗುಂಡಿ ಹೊಲಿಯುತ್ತಿದ್ದ ನನ್ನ ತಲೆಯ ಮೇಲೇ ನಡೆದ ಹಾಗೆ.

ನಮ್ಮ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜು ಮಹಡಿಯಲ್ಲಿದೆ. ಕತ್ತರಿ ಹಿಡಿದವಳದೇ ಯಜಮಾನಿಕೆ. ಗಿರಾಕಿಗಳು ಕೇಳಿಕೊಂಡು ಬರುವುದೂ ಅವಳನ್ನೇ. ಇಬ್ಬರ ಮಂಡಿಯೂ ಒಟ್ಟಿಗೇ ಊದಿಕೊಂಡಾಗ, ಯಾರು ಮೊದಲು ಹತ್ತುತ್ತಾರೋ ಅವರಿಗೆ ಕತ್ತರಿ ಎಂದು ಮಾತಾಗಿತ್ತು.

ಅದಕ್ಕೇ ಆಸ್ಪತ್ರೆಯ ಅರಿಶಿನದ ಪ್ರಯೋಗಕ್ಕೆ ಇಬ್ಬರೂ ಹೆಸರು ಬರೆಸಿದ್ದು. ಡಾಕ್ಟರಮ್ಮ ಮೊದಲೇ ಹೇಳಿದ್ದರು: "ಅರಿಶಿನದ ಸಾರ ಕೀಲಿನ ಉರಿಯೂತ ಇಳಿಸುತ್ತೆ ಅಂತ ಕೆಲವು ಕಡೆ ಕಂಡಿದೆ. ಆದ್ರೆ ಎಲ್ಲಾ ಸಣ್ಣಸಣ್ಣ ಪ್ರಯೋಗ, ಗಟ್ಟಿಯಾಗಿ ಹೇಳೋಕಾಗಲ್ಲ. ಅದಕ್ಕೇ ಅರ್ಧ ಜನಕ್ಕೆ ಅರಿಶಿನ, ಅರ್ಧ ಜನಕ್ಕೆ ಬರೀ ಹಿಟ್ಟು. ಯಾರಿಗೆ ಯಾವುದು ಅಂತ ನನಗೂ ಗೊತ್ತಿರಲ್ಲ." ಮಾತ್ರೆ ಎಲ್ಲರಿಗೂ ಒಂದೇ ಬಣ್ಣ. ಬಾಟಲಿಯ ಮೇಲೆ ನಂಬರು ಮಾತ್ರ ಬೇರೆ.

ಆರು ವಾರಕ್ಕೆ ಅಕ್ಕ ಮಹಡಿ ಸೇರಿದಳು. ನನ್ನ ಮಂಡಿ ಇನ್ನೂ ಕುಂಬಳಕಾಯಿ.

"ಏನೇ, ಇನ್ನೂ ಅಲ್ಲೇ ಕೂತಿದ್ದೀಯಾ?" ಮೇಲಿನಿಂದ ಕೂಗುತ್ತಿದ್ದಳು. "ಇಲ್ಲಿ ಗಾಳಿ ಎಷ್ಟು ಚೆನ್ನಾಗಿದೆ ಅಂತೀಯ!"

ಮದುವೆಯಾಗಿ ಬಂದಾಗಿನಿಂದ ಅವಳಿಗೆ ಕೆನೆ, ನನಗೆ ನೀರು. ಈಗ ಅವಳಿಗೆ ಅರಿಶಿನ, ನನಗೆ ಹಿಟ್ಟು! ಉಳಿದ ಆರು ವಾರಕ್ಕೆ ಎರಡನೇ ಬಾಟಲಿ ಕೊಟ್ಟ ದಿನ ಅಕ್ಕ ಸ್ನಾನಕ್ಕೆ ಹೋದದ್ದೇ ತಡ, ಅವಳ ಬಾಟಲಿಯ ಮಾತ್ರೆಗಳನ್ನೂ ನನ್ನದರ ಮಾತ್ರೆಗಳನ್ನೂ ಅದಲುಬದಲು ಮಾಡಿಬಿಟ್ಟೆ. ನಂಬರು ಹಾಗೇ, ಒಳಗಿನದು ಬೇರೆ. ಎರಡೇ ವಾರದಲ್ಲಿ ನಾನೂ ಐದು ಮೆಟ್ಟಿಲು ಹತ್ತಿದೆ. ನೋಡಿದಿರಾ ಅರಿಶಿನದ ಮಹಿಮೆ ಎಂದುಕೊಂಡೆ.

ಪ್ರಯೋಗ ಮುಗಿದ ಮೇಲೆ ಡಾಕ್ಟರಮ್ಮ ಇಬ್ಬರನ್ನೂ ಕರೆದು ಪಟ್ಟಿ ತೆರೆದರು. "ಒಟ್ಟಾರೆ ಅರಿಶಿನದವರಿಗೆ ನೋವು ಸ್ವಲ್ಪ ಜಾಸ್ತಿ ಇಳಿದಿದೆ. ಹಿಟ್ಟು ತಿಂದವರಿಗೂ ಇಳಿದಿದೆ, ನಂಬಿಕೆ ಅಂತ ಒಂದಿರುತ್ತಲ್ಲ! ಇನ್ನು ನಿಮ್ಮದು..." ನನ್ನ ಕಡೆ ತಿರುಗಿದರು. "ನಿಮಗೆ ಕೊಟ್ಟಿದ್ದು ಅರಿಶಿನ. ಅಕ್ಕನಿಗೆ ಹಿಟ್ಟು."

"ಅಯ್ಯೋ! ನಾನು ಬದಲಾಯಿಸಿಬಿಟ್ಟಿದ್ದೆನಲ್ಲ!"

ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಮಾತು ಹೊರಗೆ ಬಿದ್ದಾಗಿತ್ತು.

"ಏನಮ್ಮಾ ಇದು!" ಡಾಕ್ಟರಮ್ಮ ಪೆನ್ನು ತೆಗೆದು ಇಬ್ಬರ ನಂಬರನ್ನೂ ಹೊಡೆದುಹಾಕಿದರು.

ಹೊರಗಿನ ಬೆಂಚಿನಲ್ಲಿ ಅಕ್ಕ ನನ್ನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ಬೈಗುಳಕ್ಕೆ ನಾನು ತಯಾರಾಗೇ ಕೂತಿದ್ದೆ.

"ನನಗೆ ಮೊದಲು ವಾಸಿಯಾಗೇ ಇರ್ಲಿಲ್ಲ ಕಣೇ," ಎಂದಳು. "ನೋವಿಗೆ ಕೂಗಬಾರದು ಅಂತ ಅಳತೆ ಟೇಪು ಬಾಯಲ್ಲಿ ಕಚ್ಕೊಂಡು ಹತ್ತುತ್ತಿದ್ದೆ. ಡಾಕ್ಟರಿಗೂ ಸುಳ್ಳು ಹೇಳಿದೆ. ಕತ್ತರಿ ನಿನ್ನ ಕೈಗೆ ಹೋದ್ರೆ ನಾನು ಯಾರು?"

ಕೈ ಹಿಡಿಯೋಣ ಎಂದು ಕೈಚಾಚಿದೆ.

"ಆದ್ರೆ ಕೊನೇ ಆರು ವಾರ ಇದ್ಯಲ್ಲ," ಎಂದು ಮಂಡಿ ಮಡಚಿ, ಬಿಡಿಸಿ ತೋರಿಸಿದಳು, "ಆಗ ಮಾತ್ರ ನಿಜವಾಗ್ಲೂ ಹಗುರಾಯ್ತು ನೋಡು."

ನನ್ನ ಅರಿಶಿನ! ಚಾಚಿದ ಕೈಯನ್ನು ಹಿಂದಕ್ಕೆಳೆದು, ನನ್ನ ಮಂಡಿಯನ್ನೇ ಉಜ್ಜಿಕೊಂಡೆ.